ಓಡಿ ಓದುವ ಮುನ್ನ: ಮುಂಬಯಿ, ಪುಣೆ, ಗೋವಾದ ಕೋರ್ಸ್‌ಗಳ ತಪಾಸಣೆ

ಮುಂಬಯಿಯಲ್ಲಿ ಎಚ್‌ಆರ್ ಎಂಬಿಎ ಕೊಡುವ ಕಾಲೇಜುಗಳಿಗೆ ಬರವಿಲ್ಲ. ಆದರೆ ಆರ್ಗನೈಸೇಶನ್ ಡೆವಲಪ್‌ಮೆಂಟನ್ನು, ಅಂದರೆ ಈ ಕ್ಷೇತ್ರದವರು ಚಿಕ್ಕದಾಗಿ ‘ಓಡಿ’ ಎನ್ನುವ ವಿಷಯವನ್ನು, ಸ್ನಾತಕೋತ್ತರ ಮಟ್ಟದಲ್ಲಿ ಕೈಹಿಡಿದು ಕಲಿಸುವ ಜಾಗಗಳು ಬೆರಳೆಣಿಕೆಯಷ್ಟು. ಪುಣೆಯಲ್ಲೂ ಗೋವಾದಲ್ಲೂ ಇದೇ ಕಥೆ. ಬ್ರೋಷರ್ ನೋಡಿ ಇದನ್ನು ತಿಳಿಯಲಾಗದು. ಎಲ್ಲದರಲ್ಲೂ ‘ಚೇಂಜ್’, ‘ಲೀಡರ್‌ಶಿಪ್’, ‘ಟ್ಯಾಲೆಂಟ್’ ಎಂಬ ಮಾತುಗಳೇ. ಸಿಲೆಬಸ್ ಬಿಡಿಸಿದಾಗ ಗೊತ್ತಾಗುತ್ತದೆ: ನಾಲ್ಕು ಸೆಮಿಸ್ಟರ್‌ಗಳಲ್ಲಿ ಓಡಿಗೆ ಸಿಕ್ಕಿರುವುದು ಒಂದು ಪೇಪರು, ಎಷ್ಟೋ ಕಡೆ ಅದೂ ಐಚ್ಛಿಕ.

ಡೊಂಬಿವಲಿ, ಠಾಣೆ, ಮೀರಾರೋಡ್, ಪಿಂಪ್ರಿ, ವಾಸ್ಕೋ ಕಡೆಯ ನಮ್ಮ ಕನ್ನಡಿಗರಲ್ಲಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಐಟಿಯಲ್ಲೋ ಐದಾರು ವರ್ಷ ದುಡಿದು, ಟ್ರೇನಿಂಗ್ ವಿಭಾಗಕ್ಕೆ ಇಲ್ಲವೇ ಓಡಿಗೆ ಹೊರಳಬೇಕೆಂದು ಯೋಚಿಸುತ್ತಿರುವವರಿಗಾಗಿ ಈ ವಿಮರ್ಶೆ. ಅಳತೆಗೋಲು ಒಂದೇ. ಕೋರ್ಸು ವಿದ್ಯಾರ್ಥಿಯನ್ನು ಎಷ್ಟು ಹೊತ್ತು ಒಂದು ನಿಜವಾದ ಸಂಸ್ಥೆಯೊಳಗೆ, ಪಳಗಿದವರ ಕಣ್ಣಳತೆಯಲ್ಲಿ ಕೆಲಸಕ್ಕೆ ಹಚ್ಚುತ್ತದೆ? ಥಿಯರಿ ಪುಸ್ತಕದಲ್ಲಿ ಸಿಗುತ್ತದೆ, ಪಿಪಿಟಿ ಯಾರ ಬಳಿಯಾದರೂ ಸಿಗುತ್ತದೆ. ಫೀಸು ಕೊಟ್ಟು ಕೊಳ್ಳಬೇಕಾದದ್ದು ಆ ಮೇಲ್ವಿಚಾರಣೆಯನ್ನು ಮಾತ್ರ.

ಎಚ್‌ಆರ್, ಎಲ್ ಆ್ಯಂಡ್ ಡಿ (ಲರ್ನಿಂಗ್ ಆ್ಯಂಡ್ ಡೆವಲಪ್‌ಮೆಂಟ್), ಓಡಿ ಮೂರನ್ನೂ ಒಂದೇ ಚೀಲಕ್ಕೆ ತುಂಬುವ ರೂಢಿಯಿದೆ. ನೇಮಕ, ಸಂಬಳ, ರಜೆ, ಕಾನೂನು ಎಚ್‌ಆರ್‌ನ ಪಾಲು. ಕೆಲಸಕ್ಕೆ ಬೇಕಾದ ಜ್ಞಾನ ಮತ್ತು ಕೌಶಲ ಎಲ್ ಆ್ಯಂಡ್ ಡಿಯ ಪಾಲು. ವಿಭಾಗ ವಿಭಾಗಗಳ ನಡುವೆ, ಮೇಲಿನವರು ಕೆಳಗಿನವರ ನಡುವೆ ಕೆಲಸ ಹೇಗೆ ಸಾಗುತ್ತದೆ ಅಥವಾ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಆ ಜನರನ್ನೇ ಜೊತೆಗಿಟ್ಟುಕೊಂಡು ಹುಡುಕಿ ಸರಿಪಡಿಸುವುದು ಓಡಿ. ನಮ್ಮ ದೇಶದಲ್ಲಿ ಇದರ ಬೇರು ಮುಂಬಯಿಯ ಆಚೀಚೆಯೇ ಇದೆ. ಲಾರ್ಸೆನ್ ಆ್ಯಂಡ್ ಟೂಬ್ರೋ ಕಂಪನಿಗಾಗಿ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ 1970ರ ದಶಕದ ನಡುವಿನಲ್ಲಿ ರೂಪಿಸಿದ ಎಚ್‌ಆರ್‌ಡಿ (ಮಾನವ ಸಂಪನ್ಮೂಲ ಅಭಿವೃದ್ಧಿ) ವ್ಯವಸ್ಥೆಯಿಂದಲೇ ಇಲ್ಲಿನ ಕಂಪನಿಗಳಲ್ಲಿ ಆ ಹೆಸರಿನ ಪ್ರತ್ಯೇಕ ವಿಭಾಗಗಳು ಹುಟ್ಟಿದ್ದು. ಅದಕ್ಕೂ ಮೊದಲು, 1953ರಲ್ಲಿ, ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಮಿಲ್‌ನಲ್ಲಿ ಸ್ವಯಂಚಾಲಿತ ಮಗ್ಗಗಳ ಕೆಲಸವನ್ನು ಬಿಡಿ ಬಿಡಿ ಕಾರ್ಮಿಕರಿಂದ ತಪ್ಪಿಸಿ ಸಣ್ಣ ಗುಂಪುಗಳ ಹೊಣೆಗೆ ಬಿಟ್ಟು ನೋಡಿದ್ದರು. ಈ ಎರಡು ಪ್ರಸಂಗಗಳನ್ನೂ ಮುಟ್ಟದೆ ಅಮೆರಿಕದ ಉದಾಹರಣೆಗಳಲ್ಲೇ ಸೆಮಿಸ್ಟರ್ ಮುಗಿಸುವ ಕೋರ್ಸು ಪರವೂರಿನ ಪಾಠವನ್ನು ಒಪ್ಪಿಸುತ್ತಿದೆ ಎಂದೇ ಅರ್ಥ.

ಓಡಿಯ ಪ್ರಶ್ನೆ ಎಂದರೆ ಎಂಥದ್ದು? ಕರಾವಳಿಯ ಬ್ಯಾಂಕುಗಳನ್ನೇ ನೋಡಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ದೇನಾ ಬ್ಯಾಂಕಿನೊಂದಿಗೆ, ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಸಾಫ್ಟ್‌ವೇರ್ ಒಂದಾಗಿಸುವುದು, ಹುದ್ದೆಗಳ ಜ್ಯೇಷ್ಠತೆ ಹೊಂದಿಸುವುದು ಆಡಳಿತದ ಕೆಲಸ. ಒಂದು ಬ್ಯಾಂಕಿನಲ್ಲಿ ಶಾಖಾ ವ್ಯವಸ್ಥಾಪಕ ತಾನೇ ನಿರ್ಧರಿಸುತ್ತಿದ್ದ ಸಾಲವನ್ನು ಇನ್ನೊಂದರ ರೂಢಿಯಲ್ಲಿ ವಲಯ ಕಚೇರಿಗೆ ಬರೆದು ಕಾಯಬೇಕಾಗಿ ಬಂದರೆ, ಎರಡು ಕಡೆಯವರೂ ಒಬ್ಬರನ್ನೊಬ್ಬರು ‘ಸೋಮಾರಿ’, ‘ದುಡುಕಿನವರು’ ಎಂದುಕೊಳ್ಳಲು ಶುರುಮಾಡುತ್ತಾರೆ. ಇದು ಯಾರೊಬ್ಬರ ಸ್ವಭಾವದ ದೋಷವಲ್ಲ. ಅಧಿಕಾರದ ಮಿತಿ, ತಪ್ಪಿಗೆ ಸಿಗುವ ಶಿಕ್ಷೆ, ಯಾರನ್ನು ಕೇಳಿ ಮುಂದುವರಿಯಬೇಕೆಂಬ ರೂಢಿ, ಇವು ಮೂರರ ವ್ಯತ್ಯಾಸ. ಇಂಥ ಕಡೆ ‘ಟೀಮ್ ಬಿಲ್ಡಿಂಗ್’ ಎಂದು ಲೋನಾವಳದ ರೆಸಾರ್ಟಿಗೆ ಕರೆದೊಯ್ದರೆ ಊಟ ಚೆನ್ನಾಗಿರುತ್ತದೆ, ಸೋಮವಾರ ಅದೇ ಜಗಳ. ಒಳ್ಳೆಯ ಕೋರ್ಸಿನ ವಿದ್ಯಾರ್ಥಿ ಈ ಮೂರನ್ನು ಬಿಡಿಸಿ ನೋಡಲು ಕಲಿತಿರಬೇಕು.

ಹಾಗೆ ನೋಡುವುದನ್ನು ಕಲಿಸಬೇಕಾದರೆ ಕೋರ್ಸಿನಲ್ಲಿ ಮೊದಲು ಇರಬೇಕಾದದ್ದು ಕಾಂಟ್ರಾಕ್ಟಿಂಗ್. ಸಂಸ್ಥೆಯೊಳಗೆ ಕಾಲಿಡುವ ಮೊದಲು ಒಂದೆರಡು ಪುಟಗಳ ಒಪ್ಪಂದ ಬರೆಯಿಸಬೇಕು: ಕರೆದವರು ಯಾರು, ಕೆಲಸದ ಫಲ ಯಾರಿಗೆ, ಯಾರನ್ನು ಮಾತಾಡಿಸಲು ಅನುಮತಿ ಇದೆ, ಸಿಕ್ಕ ಮಾಹಿತಿಯಲ್ಲಿ ಯಾರಿಗೆ ಎಷ್ಟು ತೋರಿಸಲಾಗುತ್ತದೆ, ವರದಿಯನ್ನು ಸಿಬ್ಬಂದಿಗೂ ಓದಿ ಹೇಳಲಾಗುತ್ತದೆಯೇ, ನಡುವೆ ನಿಲ್ಲಿಸುವ ಹಕ್ಕು ಯಾರಿಗಿದೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಕೆಡುವುದು ಬಹುಪಾಲು ಇಲ್ಲೇ. ಎಚ್‌ಆರ್ ಮುಖ್ಯಸ್ಥರು ಬಾಯಿಮಾತಲ್ಲಿ ‘ಬನ್ನಿ’ ಎನ್ನುತ್ತಾರೆ, ಪ್ಲಾಂಟ್ ಮ್ಯಾನೇಜರಿಗೆ ವಿಷಯವೇ ಗೊತ್ತಿರುವುದಿಲ್ಲ, ಎರಡನೇ ವಾರದಲ್ಲಿ ಗೇಟಿನಲ್ಲಿ ಪಾಸ್ ನಿಲ್ಲುತ್ತದೆ. ಇಲ್ಲವೇ ಸಂದರ್ಶನ ಮುಗಿದ ಮೇಲೆ ‘ಯಾರು ಏನು ಹೇಳಿದರು’ ಎಂಬ ಪಟ್ಟಿ ಕೊಡಿ ಎಂಬ ಬೇಡಿಕೆ ಬರುತ್ತದೆ. ಒಪ್ಪಂದದಲ್ಲಿ ಬರೆದಿದ್ದರೆ ಇಲ್ಲವೆನ್ನಲು ಆಧಾರವಿರುತ್ತದೆ, ಇಲ್ಲದಿದ್ದರೆ ಇಪ್ಪತ್ತಮೂರು ವರ್ಷದ ವಿದ್ಯಾರ್ಥಿ ಏನು ತಾನೇ ಮಾಡಬಲ್ಲ?

ಆಮೇಲಿನದು ರೋಗನಿರ್ಣಯ. ಸರ್ವೆ ಮಾಡಿಸುವ ಕೋರ್ಸುಗಳು ಬೇಕಾದಷ್ಟಿವೆ, ಸರ್ವೆಯನ್ನು ಓದಲು ಕಲಿಸುವವು ಕಡಿಮೆ. ಒಂದು ವಿಭಾಗದ 20 ಜನರೂ ಐದರಲ್ಲಿ ಮೂರು ಅಂಕ ಕೊಟ್ಟರೆ ಸರಾಸರಿ 3. ಹತ್ತು ಜನ ಐದು, ಹತ್ತು ಜನ ಒಂದು ಕೊಟ್ಟರೂ ಸರಾಸರಿ 3. ಮೊದಲನೆಯದು ಬೇಸರ, ಎರಡನೆಯದು ಒಡಕು. ಮಾಡಬೇಕಾದ ಕೆಲಸ ಪೂರ್ತಿ ಬೇರೆ. ಐವರಿಗಿಂತ ಕಡಿಮೆ ಜನರಿರುವ ಗುಂಪಿನ ಅಂಕಿಗಳನ್ನು ಪ್ರತ್ಯೇಕವಾಗಿ ತೋರಿಸಬಾರದು ಎಂಬುದು ಈ ಕೆಲಸದ ರೂಢಿ. ಸ್ಟೋರ್ಸ್ ವಿಭಾಗದಲ್ಲಿ ಒಬ್ಬಳೇ ಮಹಿಳೆ ಇದ್ದರೆ ‘ಸ್ಟೋರ್ಸ್, ಮಹಿಳೆ’ ಎಂಬ ಸಾಲು ಅವಳ ಹೆಸರನ್ನೇ ಬರೆದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಫೋನ್ ನಂಬರ್ ಕೇಳುವ ಗೂಗಲ್ ಫಾರ್ಮ್ ಹಂಚಿ ‘ಇದು ಅನಾಮಧೇಯ’ ಎನ್ನುವ ಕೆಲಸವನ್ನು ಯಾವ ಮೇಷ್ಟ್ರೂ ಒಪ್ಪಬಾರದು. ಇನ್ನು ಸಂದರ್ಶನ: ಸಣ್ಣ ಘಟಕದಲ್ಲಿ ಹನ್ನೆರಡು ಹದಿನೈದು ಜನರಾದ ಮೇಲೆ ಹೊಸ ಸಂಗತಿ ಬರುವುದು ಕಡಿಮೆಯಾಗುತ್ತದೆ. ಆದರೆ ಆ ಹದಿನೈದು ಜನರನ್ನು ಮ್ಯಾನೇಜರೇ ಆರಿಸಿ ಕಳಿಸಿದ್ದರೆ ಎಷ್ಟು ಮಾತಾಡಿಸಿದರೂ ಒಂದೇ ಕಥೆ. ರಾತ್ರಿ ಪಾಳಿಯವರು, ಗುತ್ತಿಗೆ ಕಾರ್ಮಿಕರು, ಆರು ತಿಂಗಳ ಹಿಂದೆ ಸೇರಿದವರು ಪಟ್ಟಿಯಲ್ಲಿ ಇರಲೇಬೇಕು. ಪಿಂಪ್ರಿ, ಚಾಕಣ ಕಡೆ ಶಾಪ್‌ಫ್ಲೋರ್ ಮರಾಠಿ ಮತ್ತು ಹಿಂದಿಯಲ್ಲಿ ಮಾತಾಡುತ್ತದೆ; ಇಂಗ್ಲಿಷ್ ಪ್ರಶ್ನಾವಳಿಯನ್ನು ಸೂಪರ್‌ವೈಸರ್ ನಿಂತು ಅನುವಾದಿಸಿ ಹೇಳಿದರೆ ಉತ್ತರವೂ ಸೂಪರ್‌ವೈಸರನದೇ.

ಮೂರನೆಯದು ಲ್ಯಾಬ್. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಬಳಗ 1947ರಲ್ಲಿ ಅಮೆರಿಕದ ಬೆಥೆಲ್ ಎಂಬಲ್ಲಿ ಆರಂಭಿಸಿದ ಟಿ-ಗ್ರೂಪ್ ಪದ್ಧತಿ ಇದು. ಹತ್ತು ಹನ್ನೆರಡು ಜನ ಅಜೆಂಡಾ ಇಲ್ಲದೆ ಕೂತು, ಅಲ್ಲೇ ಆ ಹೊತ್ತಿನಲ್ಲಿ ತಮ್ಮ ನಡುವೆ ಆಗುತ್ತಿರುವುದನ್ನೇ ಮಾತಾಡುತ್ತಾರೆ. ನಮ್ಮಲ್ಲಿ ಇದನ್ನು ಗಂಭೀರವಾಗಿ ನಡೆಸಿಕೊಂಡು ಬಂದಿರುವುದು 1970ರ ದಶಕದ ಆರಂಭದಲ್ಲಿ ಹುಟ್ಟಿದ ಇಂಡಿಯನ್ ಸೊಸೈಟಿ ಫಾರ್ ಅಪ್ಲೈಡ್ ಬಿಹೇವಿಯರಲ್ ಸೈನ್ಸ್, ಅಂದರೆ ಐಸಾಬ್ಸ್. ಮೊದಲ ಲ್ಯಾಬ್ ಸಾಮಾನ್ಯವಾಗಿ ಐದು ದಿನದ್ದು. ನಾಲ್ಕು ಜನರ ನಡುವೆ ತಾನು ಹೇಗೆ ಕೂರುತ್ತೇನೆ, ಯಾರ ಮಾತಿಗೆ ಮುನಿಯುತ್ತೇನೆ, ಯಾವಾಗ ಸುಮ್ಮನಾಗುತ್ತೇನೆ ಎಂದು ಅರಿಯದವರು ಸಂಸ್ಥೆಯ ಜಗಳದ ನಡುವೆ ಹೋಗಿ ನಿಂತರೆ ಇನ್ನೊಂದು ಪಕ್ಷವಾಗಿಬಿಡುತ್ತಾರೆ. ಲ್ಯಾಬ್ ಬೇಕಿರುವುದು ಅದಕ್ಕೆ. ಇದು ಚಿಕಿತ್ಸೆಯಲ್ಲ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಮನೆಯಲ್ಲಿ ಈಚೆಗೆ ಸಾವುನೋವು ಕಂಡವರು ವೈದ್ಯರನ್ನು ಕೇಳದೆ ಹೋಗಬಾರದು. ಒಂದು ದಿನದ ‘ಔಟ್‌ಬೌಂಡ್’ ಹೊರಾಂಗಣ ಆಟವನ್ನು ಲ್ಯಾಬ್ ಎಂದು ಸಿಲೆಬಸ್‌ನಲ್ಲಿ ತೋರಿಸುವ ಕಾಲೇಜುಗಳಿವೆ. ಲ್ಯಾಬ್ ನಡೆಸುವ ಫೆಸಿಲಿಟೇಟರ್‌ಗಳ ತರಬೇತಿ ಎಲ್ಲಿ ಆಗಿದೆ ಎಂದು ಕೇಳಿ, ಉತ್ತರದಲ್ಲೇ ತಿಳಿಯುತ್ತದೆ.

ಕೆಲಸದ ಜಾಗದ ಕಲಿಕೆಯ ಪೇಪರುಗಳಲ್ಲಿ ನೋಡಬೇಕಾದದ್ದು ಬೇರೆ. ಮ್ಯಾನೇಜರ್ ‘ನಮ್ಮವರಿಗೆ ಕಮ್ಯುನಿಕೇಶನ್ ಟ್ರೇನಿಂಗ್ ಬೇಕು’ ಎಂದ ಕೂಡಲೇ ಹಾಲ್ ಬುಕ್ ಮಾಡುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಕೆಲಸ ಕೆಡುವುದಕ್ಕೆ ಕಾರಣ ಹುಡುಕಲು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲ್ಬರ್ಟ್ 1978ರಲ್ಲಿ ಕೊಟ್ಟ ಆರು ಮನೆಗಳ ಪಟ್ಟಿ ಇಂದಿಗೂ ಇದಕ್ಕೆ ಒಳ್ಳೆಯ ಮದ್ದು. ಸಂಸ್ಥೆಯ ಕಡೆ ಮೂರು: ಮಾಹಿತಿ, ಉಪಕರಣ, ಪ್ರತಿಫಲ. ವ್ಯಕ್ತಿಯ ಕಡೆ ಮೂರು: ಜ್ಞಾನ, ಸಾಮರ್ಥ್ಯ, ಮನಸ್ಸು. ಮೊದಲ ಮೂರನ್ನು ಮೊದಲು ತಪಾಸಿಸಬೇಕು, ಯಾಕೆಂದರೆ ಅವು ಅಗ್ಗ ಮತ್ತು ಬೇಗ ಸರಿಯಾಗುವಂಥವು. ಬಿಲ್ಲಿಂಗ್ ತಪ್ಪಾಗುತ್ತಿರುವುದು ಹುಡುಗನಿಗೆ ಬಾರದ್ದಕ್ಕೋ, ಹೊಸ ದರಪಟ್ಟಿ ಅವನಿಗೆ ತಲುಪದ್ದಕ್ಕೋ? ಎರಡನೆಯದಾದರೆ ಎರಡು ದಿನದ ಕಾರ್ಯಾಗಾರ ದಂಡ, ಒಂದು ಹಾಳೆ ಸಾಕು. ಟ್ರೇನಿಂಗ್‌ನಿಂದ ಪರಿಹಾರ ಸಿಗುವುದು ಆರರಲ್ಲಿ ಒಂದೇ ಮನೆಗೆ.

ಕಲಿತದ್ದು ಕೆಲಸಕ್ಕೆ ಇಳಿಯುತ್ತದೆಯೇ ಎಂಬುದರ ಮೇಲೆ ಬಾಲ್ಡ್ವಿನ್ ಮತ್ತು ಫೋರ್ಡ್ 1988ರಲ್ಲಿ ಮಾಡಿದ ಹಿಂದಿನ ಅಧ್ಯಯನಗಳ ಸಮೀಕ್ಷೆ ಮೂರು ಅಂಶಗಳನ್ನು ಮುಂದಿಟ್ಟಿತು: ಕಲಿಯುವವನು, ತರಬೇತಿಯ ವಿನ್ಯಾಸ, ವಾಪಸು ಹೋದ ಕೆಲಸದ ವಾತಾವರಣ. ಕಾಲೇಜುಗಳು ನಡುವಿನದನ್ನೇ ಕಲಿಸುತ್ತವೆ. ಮೂರನೆಯದರಲ್ಲಿ, ಅಂದರೆ ನೇರ ಮೇಲಧಿಕಾರಿ ಮೊದಲ ವಾರದಲ್ಲಿ ಆ ಕೌಶಲವನ್ನು ಬಳಸಲು ಅವಕಾಶ ಕೊಟ್ಟನೇ ಎಂಬುದರಲ್ಲಿ, ಎಷ್ಟೋ ಕಾರ್ಯಕ್ರಮಗಳು ಮಣ್ಣುಪಾಲಾಗುತ್ತವೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಹಂತಗಳು (ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ) ಪರೀಕ್ಷೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮಾಡಿ ತೋರಿಸಲು ಕಷ್ಟವಾದದ್ದು ಮೂರನೆಯ ಹಂತ. ತರಬೇತಿಗೆ ಮೊದಲೇ ಒಮ್ಮೆ ಅಳೆಯಬೇಕು, ಮೂರು ತಿಂಗಳ ನಂತರ ಮತ್ತೆ, ಜೊತೆಗೆ ತರಬೇತಿ ಪಡೆಯದ ಒಂದು ಗುಂಪನ್ನೂ. ಮೊದಲ ಅಳತೆ ಇಲ್ಲದೆ, ‘ರಿಜೆಕ್ಷನ್ (ತಿರಸ್ಕೃತ ಮಾಲು) ಇಳಿಯಿತು’ ಎಂದು ವರದಿ ಬರೆದರೆ, ಅದೇ ತಿಂಗಳು ಭಾಗವನ್ನು ಹಿಡಿದಿಡುವ ಹೊಸ ಫಿಕ್ಸ್ಚರ್ ಬಂದಿತ್ತು ಎಂದು ಮೇಂಟೆನೆನ್ಸ್‌ನವರು ಮೀಟಿಂಗಿನಲ್ಲಿ ನಗುತ್ತಾರೆ.

ಇನ್ನೊಂದು ಕೊರತೆ ಎಲ್ಲ ಕೋರ್ಸುಗಳಲ್ಲೂ ಇದೆ. ಕಲಿಕೆ ಎಂದರೆ ತರಗತಿ ಎಂಬ ಭ್ರಮೆ. ಲೇವ್ ಮತ್ತು ವೆಂಗರ್ 1991ರಲ್ಲಿ ವಿವರಿಸಿದ ಅಂಚಿನಿಂದ ನಡುವಿಗೆ ಸರಿಯುವ ಕಲಿಕೆಯನ್ನು ನೋಡಲು ದೂರ ಹೋಗಬೇಕಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳು ದಶಕಗಟ್ಟಲೆ ಇದೇ ದಾರಿಯಲ್ಲಿ ಜನರನ್ನು ತಯಾರಿಸಿವೆ. ಟೇಬಲ್ ಒರೆಸುವಲ್ಲಿಂದ ಸಪ್ಲೈ, ಸಪ್ಲೈಯಿಂದ ಕೌಂಟರ್, ಅಲ್ಲಿಂದ ಗಲ್ಲಾ. ಪ್ರತಿ ಮೆಟ್ಟಿಲಲ್ಲೂ ಮುಂದಿನದನ್ನು ಕಣ್ಣಾರೆ ನೋಡುವ ಅವಕಾಶ, ತಪ್ಪಿದರೂ ದೊಡ್ಡ ನಷ್ಟವಾಗದ ಕೆಲಸ. ರಾತ್ರಿಶಾಲೆಗಳು ಇದಕ್ಕೆ ಅಕ್ಷರವನ್ನು ಜೋಡಿಸಿದವು. ಈ ಮೆಟ್ಟಿಲುಗಳಲ್ಲಿ ಯಾವುದು ಇಂದು ಮುರಿದಿದೆ, ಯಾಕೆ ಎಂದು ಅಧ್ಯಯನ ಮಾಡಿದರೆ ಒಳ್ಳೆಯ ಪ್ರಬಂಧವಾದೀತು. ಆದರೆ ಪ್ರಾಜೆಕ್ಟ್ ವಿಷಯ ಎಂದಾಗ ಎಲ್ಲರೂ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳತ್ತಲೇ ಮುಖಮಾಡುತ್ತಾರೆ.

ಈಗ ಜಾಗಗಳ ಮಾತು.

ಓಡಿ ಎಂಬ ಹೆಸರನ್ನೇ ಹೊತ್ತ ಎರಡು ವರ್ಷದ ಪೂರ್ಣಾವಧಿ ಕೋರ್ಸು ಮುಂಬಯಿಯಲ್ಲಿ ಬೇಕೆಂದರೆ ದೇವನಾರಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್, ಎಲ್ಲರ ಬಾಯಲ್ಲಿ ಟಿಸ್. ಆರ್ಗನೈಸೇಶನ್ ಡೆವಲಪ್‌ಮೆಂಟ್, ಚೇಂಜ್ ಆ್ಯಂಡ್ ಲೀಡರ್‌ಶಿಪ್ ಎಂಬುದು ಕೋರ್ಸಿನ ಹೆಸರು, ಓಡಿಸಿಎಲ್. 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಹುಟ್ಟಿದ ಸಂಸ್ಥೆ ಇದು, ಹಾಗಾಗಿ ಫೀಲ್ಡ್‌ವರ್ಕ್ ಇಲ್ಲಿ ಶೋಭೆಗೆ ಇಟ್ಟದ್ದಲ್ಲ. ಇದರ ದೊಡ್ಡ ಬಲ ನೆರೆಹೊರೆ. ಕಾರ್ಮಿಕ ಸಂಬಂಧ, ಸಾರ್ವಜನಿಕ ಆರೋಗ್ಯ, ಶಿಕ್ಷಣ ಕಲಿಸುವವರು ಅದೇ ಆವರಣದಲ್ಲಿದ್ದಾರೆ, ಆಸ್ಪತ್ರೆಯೂ ಎನ್‌ಜಿಒಯೂ ಒಂದು ‘ಆರ್ಗನೈಸೇಶನ್’ ಎಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ. ಫೀಸು ಖಾಸಗಿ ಬಿ-ಸ್ಕೂಲುಗಳಿಗಿಂತ ಬಹಳ ಕಡಿಮೆ. ಅಡ್ಡಿಗಳು ಎರಡು. ಸೀಟು ಕಡಿಮೆ, ಮತ್ತು ಪೂರ್ಣಾವಧಿಯಾದ್ದರಿಂದ ಕೆಲಸ ಬಿಡಲೇಬೇಕು. ಪ್ರವೇಶದ ವಿಧಾನ ಈಚಿನ ವರ್ಷಗಳಲ್ಲಿ ಬದಲಾಗಿದೆ: ಹಿಂದೆ ಸಂಸ್ಥೆಯದೇ ಪ್ರವೇಶ ಪರೀಕ್ಷೆ ಟಿಸ್‌ನೆಟ್ ಇತ್ತು, ಈಗ ಮ್ಯಾನೇಜ್‌ಮೆಂಟ್ ಕೋರ್ಸುಗಳಿಗೆ ಕ್ಯಾಟ್, ಅಂದರೆ ಐಐಎಂಗಳ ಪ್ರವೇಶ ಪರೀಕ್ಷೆಯ, ಅಂಕಗಳತ್ತ ಹೊರಳಿದೆ. ಹಳೆಯ ಯೂಟ್ಯೂಬ್ ವಿಡಿಯೊ ನಂಬಿ ಕೂತರೆ ಅರ್ಜಿಯ ದಿನಾಂಕವೇ ತಪ್ಪುತ್ತದೆ. ಕ್ಯಾಟ್ ಪರೀಕ್ಷೆ ನಡೆಯುವುದು ನವೆಂಬರ್ ಕೊನೆಗೆ, ನೋಂದಣಿ ಮುಗಿಯುವುದು ಸೆಪ್ಟೆಂಬರ್ ಹೊತ್ತಿಗೆ.

ಕೆಲಸ ಬಿಡಲಾಗದವರಿಗೆ ಮುಂಬಯಿ ವಿಶ್ವವಿದ್ಯಾಲಯದ ಎಂಎಚ್‌ಆರ್‌ಡಿಎಂ, ಅಂದರೆ ಮಾನವ ಸಂಪನ್ಮೂಲ ಅಭಿವೃದ್ಧಿ ನಿರ್ವಹಣೆಯ ಮೂರು ವರ್ಷದ ಅರೆಕಾಲಿಕ ಮಾಸ್ಟರ್ಸ್. ಮಾಟುಂಗಾದ ವೆಲಿಂಗ್ಕರ್‌ನಂಥ ಸಂಸ್ಥೆಗಳಲ್ಲಿ ನಡೆದುಬಂದಿದೆ. ತರಗತಿ ಸಂಜೆ ಮತ್ತು ವಾರಾಂತ್ಯಗಳಲ್ಲಿ. ನಮ್ಮವರಿಗೆ ಮಾಟುಂಗಾ ಪರಿಚಿತ ಕೇರಿ, ತರಗತಿ ಮುಗಿಸಿ ಇಡ್ಲಿಗೂ ಪರದಾಡಬೇಕಿಲ್ಲ; ಆದರೆ ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುವುದಿಲ್ಲ. ಡೊಂಬಿವಲಿಯವರು ದಾದರ್‌ಗೆ ಹೋಗಿ ಹಿಡಿಯಬೇಕು, ಇಲ್ಲವೇ ಸ್ಲೋದಲ್ಲಿ ತೂಕಡಿಸಬೇಕು. ಈ ಕೋರ್ಸಿನ ನಿಜವಾದ ಸಂಪತ್ತು ಪಕ್ಕದ ಬೆಂಚಿನವರು. ಒಬ್ಬ ಫಾರ್ಮಾದಿಂದ, ಒಬ್ಬಳು ವಿಮಾನ ಕಂಪನಿಯಿಂದ, ಒಬ್ಬ ಬ್ಯಾಂಕಿನಿಂದ. ಪ್ರತಿ ಪಾಠಕ್ಕೂ ಮೂರು ಜೀವಂತ ಉದಾಹರಣೆ ಅಲ್ಲೇ ಕೂತಿರುತ್ತವೆ. ದೌರ್ಬಲ್ಯ ಏನೆಂದರೆ ಹಾಜರಾತಿ ಮತ್ತು ಕೊನೆಯ ಪ್ರಾಜೆಕ್ಟ್. ಎರಡನೇ ವರ್ಷದ ಹೊತ್ತಿಗೆ ಆಫೀಸಿನಲ್ಲಿ ಬಡ್ತಿ, ಮನೆಯಲ್ಲಿ ಮಗು, ಊರಲ್ಲಿ ಅಪ್ಪನ ಆಪರೇಷನ್ ಎಲ್ಲ ಒಟ್ಟಿಗೆ ಬರುತ್ತವೆ. ಪ್ರಾಜೆಕ್ಟ್ ತನ್ನದೇ ಆಫೀಸಿನ ಅಪ್ರೈಸಲ್ ಫಾರ್ಮಿನ ವಿವರಣೆಯಾಗಿ ಮುಗಿಯುತ್ತದೆ. ಓಡಿಯ ಪಾಲು ಇಲ್ಲಿ ಕಡಿಮೆ, ಎಚ್‌ಆರ್‌ನ ಪಾಲು ಹೆಚ್ಚು ಎಂಬುದನ್ನೂ ತಿಳಿದಿರಬೇಕು.

ಪರೇಲಿನಲ್ಲಿರುವ ರಾಜ್ಯ ಸರ್ಕಾರದ ನಾರಾಯಣ ಮೇಘಾಜಿ ಲೋಖಂಡೆ ಕಾರ್ಮಿಕ ಅಧ್ಯಯನ ಸಂಸ್ಥೆಯ ಮಾಸ್ಟರ್ ಆಫ್ ಲೇಬರ್ ಸ್ಟಡೀಸ್ ಬಗ್ಗೆ ಕನ್ನಡಿಗರಲ್ಲಿ ಹೆಚ್ಚು ಮಾತು ಕೇಳುವುದಿಲ್ಲ. ಕಾರ್ಖಾನೆಯ ಕಡೆ ಹೋಗುವವರಿಗೆ ಇದು ಗಟ್ಟಿ ಅಡಿಪಾಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾಯ್ದೆಗಳ ಜಾಗ ಹಿಡಿದಿವೆ. ಯಾವ ಕಾಲೇಜೇ ಆಗಲಿ ಕಾನೂನಿನ ಪಠ್ಯ ಬದಲಾಗಿದೆಯೇ ಎಂದು ಕೇಳಬೇಕು. ಕಲಿಕಾ ವಿನ್ಯಾಸ, ಇ-ಲರ್ನಿಂಗ್ ಕಡೆ ಮನಸ್ಸಿದ್ದರೆ ಜುಹುವಿನಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಶೈಕ್ಷಣಿಕ ತಂತ್ರಜ್ಞಾನ ವಿಭಾಗವಿದೆ. ಸಂಶೋಧನೆಗೆ ಪವಾಯಿಯ ಐಐಟಿ ಬಾಂಬೆಯಲ್ಲಿ ಇದೇ ವಿಷಯದ ಪಿಎಚ್‌ಡಿ 2010ರಿಂದ ನಡೆಯುತ್ತಿದೆ. ಐಐಟಿಯ ನೆರೆಯ ನೈಟಿ 1963ರಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ತರಬೇತಿಗೆಂದೇ ಸ್ಥಾಪನೆಯಾದದ್ದು, 2023ರಲ್ಲಿ ಐಐಎಂ ಮುಂಬಯಿ ಆಯಿತು. ಅಲ್ಲಿನ ಒಲವು ಆಪರೇಷನ್ಸ್ ಕಡೆಗೆ.

ಪುಣೆಯಲ್ಲಿ ಮೊದಲ ಹೆಸರು ಸಿಂಬಯಾಸಿಸ್. ಅದರ ಕಾಲೇಜುಗಳಾದ ಹಿಂಜವಡಿಯ ಎಸ್‌ಸಿಎಂಎಚ್‌ಆರ್‌ಡಿ ಮತ್ತು ಲವಳೆಯ ಎಸ್‌ಐಬಿಎಂ ಎರಡಕ್ಕೂ ಡಿಸೆಂಬರಿನ ಸ್ನ್ಯಾಪ್ ಪ್ರವೇಶ ಪರೀಕ್ಷೆ. ಎಚ್‌ಆರ್ ಎಂಬಿಎಗಳಾಗಿ ಇವು ಬಲವಾದವು, ಕಂಪನಿಗಳು ಬರುತ್ತವೆ, ಫೀಸು ಎರಡು ವರ್ಷಕ್ಕೆ ಹತ್ತು ಲಕ್ಷವನ್ನು ದಾಟಿ ಬಹಳ ಮುಂದೆ ಹೋಗುತ್ತದೆ. ಓಡಿಗಾಗಿಯೇ ಇಷ್ಟು ಹಣ ಕೊಡುವುದು ನಮ್ಮ ಲೆಕ್ಕದಲ್ಲಿ ದುಬಾರಿ. ಎಚ್‌ಆರ್ ಹುದ್ದೆಗಾಗಿ ಕೊಡುವುದಾದರೆ ಬೇರೆ ಮಾತು. ಪುಣೆಯ ನಿಜವಾದ ಅನುಕೂಲ ಕಾಲೇಜಿನ ಹೊರಗಿದೆ. ಪಿಂಪ್ರಿ-ಚಿಂಚ್ವಡ, ಚಾಕಣ, ರಾಂಜಣಗಾಂವ್‌ನ ಕಾರ್ಖಾನೆಗಳು ಒಂದು ಕಡೆ; ಬಾಣೇರ್ ರಸ್ತೆಯ ಯಶದಾ, ಕೊಂಢವಾದ ಬ್ಯಾಂಕ್ ಮ್ಯಾನೇಜ್‌ಮೆಂಟ್ ಸಂಸ್ಥೆ ಎನ್‌ಐಬಿಎಂ, ನ್ಯಾಷನಲ್ ಇನ್ಶೂರೆನ್ಸ್ ಅಕಾಡೆಮಿ ಇನ್ನೊಂದು ಕಡೆ. ಸರ್ಕಾರಿ ನೌಕರರಿಗೆ, ಬ್ಯಾಂಕಿನವರಿಗೆ, ವಿಮೆಯವರಿಗೆ ತರಬೇತಿ ಕೊಡುವುದೇ ಕಸುಬಾದ ಮೂರು ಸಂಸ್ಥೆಗಳು ಒಂದೇ ಊರಲ್ಲಿ. ವರ್ಕ್‌ಪ್ಲೇಸ್ ಲರ್ನಿಂಗ್ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಊರು ಹುಡುಕುವುದು ಕಷ್ಟ.

ಗೋವಾದಲ್ಲಿ ಲೆಕ್ಕಕ್ಕೆ ಬರುವುದು ಸಾಂಖಳಿಯ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದರೆ ಸಿಗುವ ಊರು, ಉತ್ತರ ಕರ್ನಾಟಕದವರಿಗೆ ಮುಂಬಯಿಗಿಂತ ಹತ್ತಿರ. 1993ರಲ್ಲಿ ಫಾದರ್ ರೊಮುವಾಲ್ಡ್ ಡಿಸೋಜಾ ಸ್ಥಾಪಿಸಿದ್ದು. ಕೊಡುವುದು ಪಿಜಿಡಿಎಂ, ಅಂದರೆ ಮ್ಯಾನೇಜ್‌ಮೆಂಟಿನ ಸ್ನಾತಕೋತ್ತರ ಡಿಪ್ಲೊಮಾ, ಓಡಿಯ ಪ್ರತ್ಯೇಕ ಪದವಿಯಲ್ಲ. ಆದರೆ ವಿದ್ಯಾರ್ಥಿಗಳನ್ನು ಸ್ಥಳೀಯ ಸಂಸ್ಥೆಗಳ ಕೆಲಸಕ್ಕೆ ಹಚ್ಚುವ ‘ಗಿವ್ ಗೋವಾ’ ಎಂಬ ಪರಿಪಾಠ ಅಲ್ಲಿದೆ. ಅದನ್ನು ಅಂಕಕ್ಕಾಗಿ ಮಾಡದೆ ಮನಸಿಟ್ಟು ಮಾಡಿದರೆ ಕಾಂಟ್ರಾಕ್ಟಿಂಗ್ ಕಲಿಯಲು ಚೊಕ್ಕ ಅವಕಾಶ. ಫೀಸು ಇಲ್ಲೂ ಭಾರವೇ.

ದೂರಶಿಕ್ಷಣ ಬೇಕಿದ್ದರೆ ಇಗ್ನೋ. ಮುಂಬಯಿ, ಪುಣೆ, ಪಣಜಿ ಮೂರೂ ಕಡೆ ಪ್ರಾದೇಶಿಕ ಕೇಂದ್ರಗಳಿವೆ; ಎಚ್‌ಆರ್‌ನ ಎಂಬಿಎ ಇದೆ, ವಯಸ್ಕರ ಶಿಕ್ಷಣದ ಎಂಎ ಇದೆ. ಎರಡನೆಯದು ಕಲಿಕೆಯ ಕಡೆಯವರಿಗೆ ಉಪಯುಕ್ತ, ಯಾಕೋ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಓದುವ ಸಾಮಗ್ರಿ ಚೆನ್ನಾಗಿರುತ್ತದೆ, ಮೇಲ್ವಿಚಾರಣೆ ನಿಮ್ಮ ಅದೃಷ್ಟ. 2022ರ ಏಪ್ರಿಲ್‌ನ ಯುಜಿಸಿ ಮಾರ್ಗಸೂಚಿಯ ಪ್ರಕಾರ ಏಕಕಾಲಕ್ಕೆ ಎರಡು ಪದವಿ ಓದಬಹುದು, ಹಾಗಾಗಿ ಸಂಜೆ ಕಾಲೇಜಿನ ಜೊತೆಗೂ ಇದು ಸಾಧ್ಯ. ಶಕ್ತಿ ಇದೆಯೇ ಎಂಬುದು ಬೇರೆ ಪ್ರಶ್ನೆ. ತರಬೇತುದಾರರಾಗಿಯೇ ಉಳಿಯುವವರಿಗೆ ಇಂಡಿಯನ್ ಸೊಸೈಟಿ ಫಾರ್ ಟ್ರೇನಿಂಗ್ ಆ್ಯಂಡ್ ಡೆವಲಪ್‌ಮೆಂಟ್‌ನ ಡಿಪ್ಲೊಮಾ ಹಳೆಯದು, ಹೆಸರುಳ್ಳದ್ದು. ಆರು ವಾರದ ‘ಓಡಿ ಸರ್ಟಿಫಿಕೇಟ್’ಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಪದವಿ ಶಿಕ್ಷಣಕ್ಕಿರುವ ವಿನಾಯಿತಿ ಇಂಥ ಖಾಸಗಿ ಕೋರ್ಸುಗಳಿಗೆ ಇಲ್ಲದ್ದರಿಂದ 18% ಜಿಎಸ್‌ಟಿಯನ್ನೂ ಸೇರಿಸಿ ಲೆಕ್ಕಹಾಕಿ.

ಹಣ ಕಟ್ಟುವ ಮುನ್ನ ಕೇಳಬೇಕಾದದ್ದು ಪ್ಲೇಸ್‌ಮೆಂಟ್ ಸರಾಸರಿಯನ್ನಲ್ಲ. ಆ ಸರಾಸರಿಯನ್ನು ಇಬ್ಬರ ದೊಡ್ಡ ಸಂಬಳ ಮೇಲೆತ್ತಿರುತ್ತದೆ, ಮಧ್ಯಾಂಕ, ಅಂದರೆ ಸಾಲಿನ ನಡುವಿನವರ ಸಂಬಳ, ಕೇಳಿ. ಹಿಂದಿನ ವರ್ಷದ ಐದು ಪ್ರಾಜೆಕ್ಟ್ ವರದಿಗಳನ್ನು ಗ್ರಂಥಾಲಯದಲ್ಲಿ ಕೂತು ಓದಲು ಬಿಡುತ್ತೀರಾ ಎಂದು ಕೇಳಿ. ಅವುಗಳಲ್ಲಿ ಸಂಸ್ಥೆಯ ಕಡೆಯವರು ಸಹಿ ಹಾಕಿದ ಒಪ್ಪಂದ ಇದೆಯೇ, ಶಿಫಾರಸುಗಳಲ್ಲಿ ಒಂದಾದರೂ ಜಾರಿಯಾಯಿತೇ, ಇಲ್ಲವೇ ಎಲ್ಲದರ ಕೊನೆಗೂ ‘ಟ್ರೇನಿಂಗ್ ಕೊಡಬೇಕು’ ಎಂದಿದೆಯೇ ನೋಡಿ. ಓಡಿ ಪೇಪರು ಕಲಿಸುವವರು ಈಗ ಯಾವ ಸಂಸ್ಥೆಯೊಂದಿಗೆ ಕೆಲಸ ಮಾಡುತ್ತಿದ್ದಾರೆ, ಒಬ್ಬ ಗೈಡಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದನ್ನೂ ಕೇಳಿ. ಮೂವತ್ತು ಜನರಿಗೆ ಒಬ್ಬ ಗೈಡ್ ಎಂದರೆ ಯಾರಿಗೂ ಗೈಡ್ ಇಲ್ಲ. ಮುಂದೆ ಪಾಠ ಹೇಳುವ ಆಸೆಯಿದ್ದರೆ ಕೈಗೆ ಬರುವುದು ವಿಶ್ವವಿದ್ಯಾಲಯದ ಪದವಿಯೋ ಪಿಜಿಡಿಎಂ ಡಿಪ್ಲೊಮಾವೋ ಎಂಬುದು ಮುಖ್ಯ. ಡಿಪ್ಲೊಮಾ ಆದರೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದಿಂದ ಸಮಾನತೆ ಇದೆಯೇ ಎಂದು ನೋಡಬೇಕು. ಪಿಎಚ್‌ಡಿ ಪ್ರವೇಶದಲ್ಲಿ ಇದು ಅಡ್ಡ ಬರುತ್ತದೆ.

ಮೂವತ್ತೈದರ ಬ್ಯಾಂಕ್ ಅಧಿಕಾರಿ, ಸಾಲದ ಮನೆ, ವರ್ಗಾವಣೆಯ ಭಯ ಇರುವವರು ಮೊದಲು ಒಂದು ಐದು ದಿನದ ಲ್ಯಾಬ್ ಮಾಡಿ, ರಜೆಯ ಖರ್ಚಿನಲ್ಲಿ ಮುಗಿಯುತ್ತದೆ. ಆ ಕೂರುವಿಕೆ ಸಹಿಸಲಾಗಲಿಲ್ಲವೆಂದರೆ ಓಡಿಯ ಮೇಲೆ ಎರಡು ವರ್ಷ ಹಾಕಬೇಡಿ, ಕಲಿಕಾ ವಿನ್ಯಾಸದ ಕಡೆ ಹೋಗಿ. ಹಿಡಿಸಿತೆಂದರೆ ಸಂಜೆಯ ಎಂಎಚ್‌ಆರ್‌ಡಿಎಂ ಅಥವಾ ಇಗ್ನೋ, ಜೊತೆಗೆ ಮುಂದಿನ ಲ್ಯಾಬ್‌ಗಳು. ಇಪ್ಪತ್ತೈದರ ಆಸುಪಾಸಿನವರು, ಎರಡು ವರ್ಷ ಸಂಬಳವಿಲ್ಲದೆ ಮನೆ ನಡೆಯುವಂತಿದ್ದರೆ, ಕ್ಯಾಟ್ ಬರೆದು ದೇವನಾರಿಗೇ ಅರ್ಜಿ ಹಾಕುವುದು ಮೇಲು. ಡಿಗ್ರಿ ಮುಗಿಸಿ ನೇರವಾಗಿ, ಒಂದು ದಿನವೂ ಎಲ್ಲೂ ದುಡಿಯದೆ ಓಡಿಗೆ ಬರುವವರಿಗೆ ಮಾತ್ರ ಯಾವ ಕೋರ್ಸನ್ನೂ ಈಗಲೇ ಶಿಫಾರಸು ಮಾಡಲಾಗದು. ಎರಡು ವರ್ಷ ಶಾಪ್‌ಫ್ಲೋರ್, ಶಾಖೆ ಅಥವಾ ವಾರ್ಡ್ ನೋಡಿ ಬಂದರೆ ಮೊದಲ ಸೆಮಿಸ್ಟರಿನಲ್ಲೇ ಓದುವುದರ ಗುರಿ ತಿಳಿಯುತ್ತದೆ, ಪ್ರಾಜೆಕ್ಟಿಗೆ ಬಾಗಿಲು ತೆರೆಯುವ ಒಬ್ಬ ಹಳೆಯ ಬಾಸ್ ಕೂಡ ಪರಿಚಯದಲ್ಲಿರುತ್ತಾರೆ.